ಯಾರನ್ನ ಕೇಳಿ ಕೀಳ್ತಿದ್ದೀರಾ?

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ರಾತ್ರಿ ಊಟ ಮುಗಿದ ಮೇಲೆ "ಆ ಸೊಪ್ಪಿನ ಹುಡುಗೀನ ಹಾಕೇ" ಎಂದು ನನ್ನ ಫೋನಿಗೆ ಕೈ ಚಾಚುತ್ತಾಳೆ. ಕನ್ನಡಕ ಏರಿಸಿಕೊಂಡು, ಫೋನನ್ನು ಒಂದು ಮೊಳ ದೂರ ಹಿಡಿದು ನೋಡುತ್ತಾಳೆ. ಅದರೊಳಗೆ ಗುಂಗುರು ಕೂದಲಿನ, ಬಣ್ಣಬಣ್ಣದ ಬಟ್ಟೆಯ ಕಪ್ಪು ಹುಡುಗಿಯೊಬ್ಬಳು ಎಲ್ಲೋ ಒಂದು ಕಡೆ ಕುಕ್ಕರಗಾಲಲ್ಲಿ ಕೂತು ಎಲೆ ಕೀಳುತ್ತಿರುತ್ತಾಳೆ. ನಡುನಡುವೆ ಹಾಡುತ್ತಾಳೆ. ಜೋರಾಗಿ ನಗುತ್ತಾಳೆ. ಆಮೇಲೆ ಅಡಿಗೆಮನೆಗೆ ಬಂದು ಅದನ್ನು ತೊಳೆದು, ಬೇಯಿಸಿ, ಬಾಯಿಗಿಟ್ಟು ಕಣ್ಣರಳಿಸುತ್ತಾಳೆ.

ಅಮ್ಮನ ಕಾಮೆಂಟರಿ ಜೊತೆಗೇ ನಡೆಯುತ್ತದೆ. "ನೋಡು, ಕುಡಿ ಮಾತ್ರ ಚಿವುಟ್ತಾಳೆ. ಗೊತ್ತಿರೋಳು." "ಅಯ್ಯೋ, ಇದಕ್ಕೆ ಯಾಕಪ್ಪಾ ಅಷ್ಟು ಎಣ್ಣೆ?" "ಏನಂತೆ ಇವಾಗ? ನಗ್ತಿದಾಳಲ್ಲ?"

ಆ ಹುಡುಗಿಯ ಹೆಸರು ಅಲೆಕ್ಸಿಸ್ ನಿಕೋಲ್ ನೆಲ್ಸನ್. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಊರಿನಲ್ಲಿ ಇರುವವಳು. ಇಂಟರ್ನೆಟ್ಟಿನಲ್ಲಿ ಆಕೆ ಇಟ್ಟುಕೊಂಡ ಹೆಸರು ಬ್ಲ್ಯಾಕ್ ಫಾರೇಜರ್. ಫಾರೇಜಿಂಗ್ ಎಂದರೆ ಬಿತ್ತದೆ, ಬೆಳೆಯದೆ, ತಾನಾಗಿ ಹುಟ್ಟಿದ್ದನ್ನು ಹುಡುಕಿ ತಂದು ತಿನ್ನುವುದು. ನಮ್ಮ ಕಡೆ ಇದಕ್ಕೆ ಪ್ರತ್ಯೇಕ ಪದ ಏನೂ ಇರಲಿಲ್ಲ. ಸೊಪ್ಪಿಗೆ ಹೋಗೋದು ಅಂತಿದ್ವಿ, ಅಷ್ಟೇ.

2020ರಲ್ಲಿ ಕೊರೊನಾ ಬಂದು ಅಂಗಡಿಯ ಕಪಾಟುಗಳು ಖಾಲಿಯಾದಾಗ ಆಕೆ ಟಿಕ್‌ಟಾಕಿನಲ್ಲಿ ಇದನ್ನು ಶುರು ಮಾಡಿದಳು. ಮನೆಯ ಅಕ್ಕಪಕ್ಕದಲ್ಲೇ ಏನೇನು ತಿನ್ನಬಹುದು ಎಂದು ತೋರಿಸುವುದು. ಲಕ್ಷಾಂತರ ಜನ ಹಿಂದೆ ಬಂದರು. ಟಿಕ್‌ಟಾಕ್ ನಮ್ಮಲ್ಲಿ 2020ರ ಜೂನ್ ಕೊನೆಯಲ್ಲೇ ನಿಷೇಧವಾಯಿತಲ್ಲ, ಹಾಗಾಗಿ ನಾವೆಲ್ಲ ಆಕೆಯನ್ನು ನೋಡಿದ್ದು ಇನ್‌ಸ್ಟಾಗ್ರಾಮಿನಲ್ಲಿ. 2022ರಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಅದು ಅಮೆರಿಕದ ಅಡುಗೆ ಲೋಕದ ದೊಡ್ಡ ಮರ್ಯಾದೆ. ಮ್ಯಾಗ್ನೋಲಿಯಾ ಹೂವಿನ ಉಪ್ಪಿನಕಾಯಿ ಹಾಕುವವಳಿಗೆ, ಓಕ್ ಮರದ ಕಾಯಿಯ ವಗರು ತೆಗೆದು ಹಿಟ್ಟು ಮಾಡುವವಳಿಗೆ ಅದು ಸಿಕ್ಕಿತು. ವಿಡಿಯೋ ಮುಗಿಯುವಾಗ ಆಕೆ ಒಂದು ಮಾತು ಹೇಳುತ್ತಾಳೆ: ಖುಷಿಯಾಗಿ ತಿನ್ನಿ, ಸಾಯಬೇಡಿ. ಇದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ ಒಂದು ಕ್ಷಣ ಬೆಚ್ಚಿ, ಆಮೇಲೆ ಬಿದ್ದು ಬಿದ್ದು ನಕ್ಕಳು. ವಿಷದ ಅಣಬೆ ತಿಂದವರ ಕತೆ ಯಾವ ಊರಲ್ಲಿಲ್ಲ ಹೇಳಿ.

ಒಂದು ಸಲ ಅಮೆರಿಕದ ಹಿತ್ತಲುಗಳಲ್ಲಿ ಯಾವ ಯಾವ ಕಳೆ ಬೆಳೆಯುತ್ತದೆ ಎಂದು ಹುಡುಕಿ, ಪರ್ಸ್‌ಲೇನ್ ಎನ್ನುವುದರ ಫೋಟೋ ತೋರಿಸಿದೆ. ಕೆಂಪು ದಂಟು, ದಪ್ಪ ದಪ್ಪ ಪುಟಾಣಿ ಎಲೆ. ಅಮ್ಮ ಫೋನನ್ನು ಇನ್ನೂ ಸ್ವಲ್ಪ ದೂರ ಹಿಡಿದಳು.

"ಇದು ಗೋಣಿಸೊಪ್ಪು ಕಣೇ! ಅಲ್ಲೂ ಐತಾ?"

ಅಲ್ಲೂ ಇದೆ. ಸಿಮೆಂಟಿನ ಬಿರುಕಿನಲ್ಲೂ ಹುಟ್ಟುತ್ತದೆ. ಬಹಳ ಜನ ಕಿತ್ತು ಬಿಸಾಕುತ್ತಾರೆ.

ಇಷ್ಟೇ ಆಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಅಡುಗೆ ವಿಡಿಯೋ ನೋಡಿ ಖುಷಿಪಡುವ ಕೋಟಿ ಜನರಲ್ಲಿ ನಾವೂ ಇಬ್ಬರು, ಅಷ್ಟೇ. ಆದರೆ ಅಲೆಕ್ಸಿಸ್ ಸೊಪ್ಪಿನ ಜೊತೆಗೆ ಇನ್ನೊಂದು ಕತೆಯನ್ನೂ ಹೇಳುತ್ತಾಳೆ. ಕಪ್ಪು ಜನ ಕಾಡಿನಿಂದ, ಬಯಲಿನಿಂದ ಯಾಕೆ ದೂರವಾದರು ಎನ್ನುವ ಕತೆ.

ಗುಲಾಮಗಿರಿಯ ಕಾಲದಲ್ಲಿ ಅಮೆರಿಕದ ದಕ್ಷಿಣದ ತೋಟಗಳಲ್ಲಿ ದುಡಿಯುತ್ತಿದ್ದವರಿಗೆ ಒಡೆಯರು ಕೊಡುತ್ತಿದ್ದ ದವಸ ಹೊಟ್ಟೆಗೆ ಸಾಲುತ್ತಿರಲಿಲ್ಲ. ಉಳಿದದ್ದನ್ನು ಅವರೇ ಹುಡುಕಿಕೊಳ್ಳಬೇಕಿತ್ತು. ಸೊಪ್ಪು, ಗೆಡ್ಡೆ, ಕಾಯಿ, ಮೀನು, ಬಲೆಗೆ ಬಿದ್ದ ಸಣ್ಣಪುಟ್ಟ ಪ್ರಾಣಿ. ಯಾವ ಎಲೆ ತಿನ್ನಬಹುದು, ಯಾವುದು ಮದ್ದು, ಯಾವುದು ವಿಷ ಎನ್ನುವುದು ಅವರಿಗೆ ಬೆರಳ ತುದಿಯಲ್ಲಿತ್ತು. 1865ರಲ್ಲಿ ಗುಲಾಮಗಿರಿ ಕಾನೂನಿನ ಮಟ್ಟಿಗೆ ಮುಗಿಯಿತು. ಈಗ ಇವರು ಯಾರ ತೋಟದಲ್ಲೂ ದುಡಿಯಲೇಬೇಕಾಗಿಲ್ಲ. ಕಾಡಿದೆ, ಹೊಳೆ ಇದೆ, ಹೇಗೋ ಬದುಕಿಕೊಳ್ಳಬಹುದು. ಹಾಗೆ ಬದುಕಿಬಿಟ್ಟರೆ ಹತ್ತಿ ಬಿಡಿಸುವವರು ಯಾರು?

ಆಗ ಬಂದವು ನೋಡಿ ಹೊಸ ಕಾನೂನುಗಳು. ಮಿಸಿಸಿಪಿ ರಾಜ್ಯದಲ್ಲಿ ಕಪ್ಪು ಜನ ಪ್ರತಿ ವರ್ಷ ಜನವರಿಯಲ್ಲಿ ತಮಗೆ ಕೆಲಸ ಇದೆ, ಮನೆ ಇದೆ ಎಂದು ಬರಹದ ಪುರಾವೆ ಇಟ್ಟುಕೊಳ್ಳಬೇಕು ಎಂದಾಯಿತು. ಕೆಲಸವಿಲ್ಲದೆ ಓಡಾಡಿದರೆ ಅಲೆಮಾರಿ ಎಂದು ಹಿಡಿದು ದಂಡ ಹಾಕುವುದು. ದಂಡ ಕಟ್ಟಲಾಗದಿದ್ದರೆ ದುಡಿಮೆಗೆ ಹಚ್ಚುವುದು. ಮುಂದಿನ ವರ್ಷಗಳಲ್ಲಿ ದಕ್ಷಿಣದಲ್ಲಿ ಒಂದೊಂದಾಗಿ ಬೇಲಿ ಎದ್ದಿತು. ಯಾರೋ ಒಬ್ಬರ ಜಮೀನಿಗೆ ಕಾಲಿಡುವುದು, ಅಲ್ಲಿ ಬೇಟೆಯಾಡುವುದು, ಮೀನು ಹಿಡಿಯುವುದು ಎಲ್ಲ ಅಪರಾಧದ ಪಟ್ಟಿಗೆ ಬಂತು. ಹೀಗೆ ಒಂದೆರಡು ತಲೆಮಾರು ಕಳೆದರೆ ಸಾಕು, ಬಾಯಿಂದ ಬಾಯಿಗೆ ಬರುತ್ತಿದ್ದ ತಿಳುವಳಿಕೆ ಅಲ್ಲೇ ನಿಂತುಹೋಗುತ್ತದೆ. ಆಮೇಲೆ "ನಮ್ಮೋರು ಕಾಡಿಗೆಲ್ಲ ಹೋಗಲ್ಲಪ್ಪ" ಎಂದು ಆ ಜನರೇ ಹೇಳುವಂತಾಗುತ್ತದೆ.

ಇದನ್ನೆಲ್ಲ ಆಕೆ ಹೇಳುವುದು ಪಾಠದ ಧಾಟಿಯಲ್ಲಿ ಅಲ್ಲ. ಕೈಯಲ್ಲಿ ಎಲೆ ಹಿಡಿದುಕೊಂಡೇ ಹೇಳಿಬಿಡುತ್ತಾಳೆ.

ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಜ್ಜಿ ಕೂಗ್ತಿದ್ದಳಲ್ಲ" ಎಂದಳು.

ಹೌದು. ಅಜ್ಜಿ ಕೂಗುತ್ತಿದ್ದಳು. ನಮ್ಮೂರು ಚಿಂತಾಮಣಿ ಕಡೆ. ಮುಂಗಾರು ಬಿದ್ದು ರಾಗಿ ಮೊಳಕೆ ಏಳುವ ಹೊತ್ತಿಗೆ ಸಾಲಿನ ನಡುವೆ ಏನೇನೋ ಹುಟ್ಟುತ್ತಿತ್ತು. ಅಣ್ಣೆಸೊಪ್ಪು, ಗೋಣಿಸೊಪ್ಪು, ಕೀರೆ, ಹೊನಗೊನೆ. ಎಲ್ಲ ಒಂದೊಂದು ಹಿಡಿ ಸೇರಿದರೆ ಬೆರಕೆ ಸೊಪ್ಪು. ಬೇಳೆ ಜೊತೆ ಬೇಯಿಸಿ ಮಸೆದರೆ ಮಸ್ಸೊಪ್ಪು, ಜೊತೆಗೆ ಮುದ್ದೆ. ಕಾಲೋನಿಯ ಹೆಂಗಸರು ಮಡಿಲು ಕಟ್ಟಿಕೊಂಡು ಸೊಪ್ಪಿಗೆ ಬರುತ್ತಿದ್ದರು. ಅಜ್ಜಿ ಬದುವಿನ ಮೇಲೆ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಯಾರೇ ಅದು? ಯಾರನ್ನ ಕೇಳಿ ಕೀಳ್ತಿದ್ದೀರಾ?" ಎಂದು ಕೂಗುತ್ತಿದ್ದಳು. ಅವರು ಅಲ್ಲಲ್ಲೇ ನಿಂತುಬಿಡುತ್ತಿದ್ದರು. ಒಬ್ಬಿಬ್ಬರು ಮಡಿಲಲ್ಲಿದ್ದದ್ದನ್ನು ನೆಲಕ್ಕೆ ಸುರಿದು ಹೋಗಿದ್ದನ್ನೂ ನಾನು ನೋಡಿದ್ದೇನೆ. ಅದೇ ಪಕ್ಕದ ಹೊಲದ ಗೌಡರ ಮನೆಯ ಸೊಸೆ ಬಂದರೆ "ಬಾರಮ್ಮ, ಆ ಮೂಲೇಲಿ ಜಾಸ್ತಿ ಐತೆ ನೋಡು" ಎಂದು ಕರೆಯುತ್ತಿದ್ದಳು.

ತಮಾಷೆ ಅಂದರೆ, ಇನ್ನು ಹತ್ತು ದಿನಕ್ಕೆ ಅದೇ ಕಾಲೋನಿಯ ಹೆಂಗಸರನ್ನು ಕರೆದು, ಕೂಲಿ ಕೊಟ್ಟು, ಅದೇ ಸೊಪ್ಪನ್ನು ಕೀಳಿಸಬೇಕಿತ್ತು. ಕೂಲಿಗೆ ಕಿತ್ತರೆ ಕಳೆ, ಸಾರಿಗೆ ಕಿತ್ತರೆ ಕಳ್ಳತನ. ಅಜ್ಜಿ ಕೆಟ್ಟವಳಾಗಿರಲಿಲ್ಲ. ಹಬ್ಬಕ್ಕೆ ಅವರಿಗೆಲ್ಲ ಊಟ ಕಟ್ಟಿ ಕೊಡುತ್ತಿದ್ದಳು. ಆದರೆ ಆ ಕೂಗು ಅಜ್ಜಿಯದೇ. ಬದುವಿನ ಮೇಲೆ ಅವಳ ಸೆರಗು ಹಿಡಿದು ನಿಂತಿದ್ದವಳು ನಾನೇ. ಒಹಾಯೊದ ಹುಡುಗಿಯ ವಿಡಿಯೋ ನೋಡುವವರೆಗೆ ಅದರಲ್ಲಿ ಏನೋ ಇದೆ ಎಂದು ನನಗೆ ಅನಿಸಿಯೇ ಇರಲಿಲ್ಲ.

ಅಮೆರಿಕದಲ್ಲಿ ಆ ಕೂಗು ಇನ್ನೂ ನಿಂತಿಲ್ಲ. 2020ರ ಮೇ 25ರ ಬೆಳಿಗ್ಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕ್ರಿಶ್ಚಿಯನ್ ಕೂಪರ್ ಎನ್ನುವ ಕಪ್ಪು ವ್ಯಕ್ತಿ ಹಕ್ಕಿ ನೋಡುತ್ತಿದ್ದರು. ನಾಯಿಯನ್ನು ಬಿಡುವಂತಿಲ್ಲದ ಜಾಗದಲ್ಲಿ ಒಬ್ಬ ಬಿಳಿ ಹೆಂಗಸು ನಾಯಿ ಬಿಟ್ಟಿದ್ದರು. ಕಟ್ಟಿ ಎಂದು ಕೂಪರ್ ಕೇಳಿದರು. ಆಕೆ ಪೊಲೀಸರಿಗೆ ಫೋನ್ ಮಾಡಿ, ಆಫ್ರಿಕನ್ ಅಮೆರಿಕನ್ ಗಂಡಸೊಬ್ಬ ನನ್ನನ್ನು ಬೆದರಿಸುತ್ತಿದ್ದಾನೆ ಎಂದರು. ಕೂಪರ್ ತಮ್ಮ ಫೋನಿನಲ್ಲಿ ಅದನ್ನು ಚಿತ್ರೀಕರಿಸಿಕೊಂಡರು. ಅವರ ಸಹೋದರಿ ಟ್ವಿಟರಿಗೆ ಹಾಕಿದರು. ಅದೇ ದಿನ ಸಂಜೆ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸನ ಮೊಣಕಾಲಿನ ಕೆಳಗೆ ಸತ್ತರು. ಅದನ್ನು ಚಿತ್ರೀಕರಿಸಿದವಳು ಡಾರ್ನೆಲ್ಲಾ ಫ್ರೇಜಿಯರ್ ಎನ್ನುವ 17 ವರ್ಷದ ಹುಡುಗಿ. ಫಾಲೋವರ್ಸ್, ಬ್ರ್ಯಾಂಡು ಏನೂ ಇಲ್ಲದ ಹುಡುಗಿ. ಮುಂದಿನ ವರ್ಷ, ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿ ಆಕೆಗೆ ವಿಶೇಷ ಗೌರವ ಕೊಟ್ಟಿತು.

ಆ ವಾರ ಎಲ್ಲರೂ ಸಿಟ್ಟಿನಲ್ಲಿದ್ದರು, ದುಃಖದಲ್ಲಿದ್ದರು. ಆ ನಡುವೆ ಕೆಲವು ಯುವ ಕಪ್ಪು ವಿಜ್ಞಾನಿಗಳು ತಮ್ಮ ಗ್ರೂಪ್ ಚಾಟಿನಲ್ಲಿ ಕೂತು ಒಂದು ವಿಚಿತ್ರ ಕೆಲಸ ಮಾಡಿದರು. ಕಪ್ಪು ಜನ ಹಕ್ಕಿ ನೋಡುವ ವಾರ ಎಂದು ಘೋಷಿಸಿಬಿಟ್ಟರು! ಮೇ 31ಕ್ಕೆ ಶುರು. ಜಾರ್ಜಿಯಾದಲ್ಲಿ ಗುಬ್ಬಚ್ಚಿ ಜಾತಿಯ ಹಕ್ಕಿಗಳ ಮೇಲೆ ಅಧ್ಯಯನ ಮಾಡುತ್ತಿದ್ದ ಕೊರಿನಾ ನ್ಯೂಸಮ್ ಅದನ್ನು ಜಗತ್ತಿಗೆ ಹೇಳಿದವರಲ್ಲಿ ಮುಂದಿದ್ದರು. ಮೊದಲ ದಿನ ಎಲ್ಲರೂ ಹೊರಗೆ ಕಾಡಿನಲ್ಲಿ, ಕೆರೆ ಬದಿಯಲ್ಲಿ ತಾವು ನಿಂತ ಫೋಟೋ ಹಾಕಬೇಕು. ಕುತ್ತಿಗೆಗೆ ದುರ್ಬೀನು, ಮುಖದಲ್ಲಿ ನಗು. ಇನ್ನೊಂದು ದಿನ ಹಕ್ಕಿಗಳ ಬಗ್ಗೆ ಯಾರು ಏನು ಬೇಕಾದರೂ ಕೇಳಬಹುದು, ಕಪ್ಪು ಹಕ್ಕಿಪ್ರೇಮಿಗಳು ಉತ್ತರ ಕೊಡುತ್ತಾರೆ.

ನಾನು ಆಗ ಲಾಕ್‌ಡೌನಿನಲ್ಲಿ ಬಾಲ್ಕನಿಯಲ್ಲಿ ಕೂತು ಆ ಫೋಟೋಗಳನ್ನು ಒಂದೊಂದೇ ನೋಡಿದ್ದು ನೆನಪಿದೆ. ಯಾರೂ ಭಾಷಣ ಮಾಡಿರಲಿಲ್ಲ. ಸುಮ್ನೆ ಒಬ್ಬೊಬ್ಬರು ಒಂದೊಂದು ಹಕ್ಕಿಯ ಹೆಸರು ಹೇಳುತ್ತಿದ್ದರು. ಇಲ್ಲಿ ನಿಲ್ಲುವುದಕ್ಕೆ ನಾವು ಯಾರನ್ನೂ ಕೇಳಬೇಕಿಲ್ಲ ಎನ್ನುವುದು ಆ ಫೋಟೋಗಳಲ್ಲಿ ಹಾಗೇ ಕಾಣುತ್ತಿತ್ತು.

ಒಂದು ಮಾತು. ಇಂಥವರ ಬಗ್ಗೆ ಬರೆಯುವಾಗ 'ಸ್ಫೂರ್ತಿ', 'ಸಬಲೀಕರಣ' ಎಂಬ ಪದಗಳು ತಾವಾಗೇ ಬಂದು ಕೂರುತ್ತವೆ. ಸಬಲೀಕರಣ ಎಂದರೆ ನನಗೆ ತಾಲೂಕು ಕಚೇರಿ ಮುಂದಿನ ಫ್ಲೆಕ್ಸ್ ನೆನಪಾಗುತ್ತದೆ. ದೀಪ ಹಚ್ಚುವ ಅತಿಥಿ, ಹಿಂದಿನ ಸಾಲಿನಲ್ಲಿ ಕಾರ್ಯಕ್ರಮ ಮುಗಿಯಲಿ ಎಂದು ಕಾಯುವ ಹೆಂಗಸರು. ಬೆಳಿಗ್ಗೆ 5ಕ್ಕೆ ಏಳಿ ಎಂದು ಬೋಧಿಸುವ ರೀಲ್ಸ್‌ಗಳ ಮೇಲೂ ನನಗೆ ಅಷ್ಟಕ್ಕಷ್ಟೇ. ನಾನು ಮೆಚ್ಚುವ ಈ ಜನ ಹಾಗಲ್ಲ. ಇವರ ಕೈಯಲ್ಲಿ ಏನಾದರೂ ಒಂದು ಇರುತ್ತದೆ. ಎಲೆ, ದುರ್ಬೀನು, ಕ್ಯಾರೆಟ್ಟು. ಇಲ್ಲವೇ ಕಾಲಲ್ಲಿ ಒಂದು ಹೆಜ್ಜೆ.

ಹೆಜ್ಜೆ ಎಂದ ಕೂಡಲೇ ಜಲಾಯಾ ಹಾರ್ಮನ್ ನೆನಪಾಗುತ್ತಾಳೆ. ಅಟ್ಲಾಂಟಾ ಪಕ್ಕದ ಫಯೆಟ್‌ವಿಲ್ ಎಂಬ ಊರಿನ ಹುಡುಗಿ. 2019ರ ಸೆಪ್ಟೆಂಬರ್‌ನಲ್ಲಿ, 14ನೇ ವಯಸ್ಸಿನಲ್ಲಿ, ಸ್ಕೂಲಿಂದ ಮನೆಗೆ ಬಂದು ಕೆ ಕ್ಯಾಂಪ್ ಎಂಬ ರ‍್ಯಾಪರನ ಹಾಡಿಗೆ ಒಂದು ಡ್ಯಾನ್ಸ್ ಕಟ್ಟಿ ಇನ್‌ಸ್ಟಾಗ್ರಾಮಿಗೆ ಹಾಕಿದಳು. ಕೈ ಬೀಸುವುದು, ಸೊಂಟ ತಿರುಗಿಸುವುದು, ಎಲ್ಲ ಮಿಂಚಿನ ವೇಗದಲ್ಲಿ. ಹೆಸರು ರೆನೆಗೇಡ್. ಅದು ಕೈಯಿಂದ ಕೈಗೆ ದಾಟಿ ಟಿಕ್‌ಟಾಕಿಗೆ ಹೋಯಿತು. ಅಲ್ಲಿ ಚಾರ್ಲಿ ಡಮೆಲಿಯೊ ಎಂಬ ಬಿಳಿ ಹುಡುಗಿ ಮಾಡಿದಳು. ಆಮೇಲೆ ಇಡೀ ಅಮೆರಿಕ ಮಾಡಿತು. ಜನ ಚಾರ್ಲಿಯನ್ನೇ ರೆನೆಗೇಡ್‌ನ ಸಿಇಓ ಎಂದು ಕರೆದರು. ಜಲಾಯಾ ಆ ವಿಡಿಯೋಗಳ ಕೆಳಗೆ ಹೋಗಿ "ಇದು ನಾನು ಕಟ್ಟಿದ್ದು, ನನ್ನ ಹೆಸರು ಹಾಕಿ" ಎಂದು ಕೇಳಿಕೊಂಡಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜಲಾಯಾ ಬೆಳೆದ ಡ್ಯಾನ್ಸ್ ಬಳಗದಲ್ಲಿ ಒಂದು ಪದ್ಧತಿ ಇತ್ತು. ಬೇರೆಯವರ ಹೆಜ್ಜೆ ಹಾಕಿದರೆ ಕೆಳಗೆ 'ಡಿಸಿ' ಎಂದು ಬರೆದು ಕಟ್ಟಿದವರ ಹೆಸರು ಹಾಕಬೇಕು. ಡಿಸಿ ಎಂದರೆ ನಮಗೆ ಜಿಲ್ಲಾಧಿಕಾರಿ. ಅವರಿಗೆ ಡ್ಯಾನ್ಸ್ ಕ್ರೆಡಿಟ್. ಹದಿನಾಲ್ಕರ ಮಕ್ಕಳು ತಾವೇ ಮಾಡಿಕೊಂಡ ಕಾನೂನು ಇದು. ಟಿಕ್‌ಟಾಕಿಗೆ ದಾಟುವಾಗ ಹೆಜ್ಜೆ ದಾಟಿತು, ಡಿಸಿ ದಾಟಲಿಲ್ಲ. 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ನಿಜ ಸಂಗತಿ ಬರೆದ ಮೇಲೆ ಕೆಲವೇ ದಿನಗಳಲ್ಲಿ ಜಲಾಯಾ ಶಿಕಾಗೋದಲ್ಲಿ ಎನ್‌ಬಿಎ ಆಲ್ ಸ್ಟಾರ್ ಬಾಸ್ಕೆಟ್‌ಬಾಲ್ ಪಂದ್ಯದ ವೇಳೆ ಸಾವಿರಾರು ಜನರ ಮುಂದೆ ತನ್ನ ಡ್ಯಾನ್ಸ್ ತಾನೇ ಮಾಡಿದಳು. ಆ ತುಣುಕು ನೋಡಿದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ. ಮಗು ಅದು.

ಆದರೆ ಒಬ್ಬಳಿಗೆ ಹೆಸರು ಸಿಕ್ಕ ಮಾತ್ರಕ್ಕೆ ಮುಗಿಯಲಿಲ್ಲ. 2021ರ ಜೂನ್‌ನಲ್ಲಿ ಮೇಗನ್ ದಿ ಸ್ಟ್ಯಾಲಿಯನ್ ಎಂಬ ಕಪ್ಪು ರ‍್ಯಾಪರ್‌ಳ ಹೊಸ ಹಾಡು ಬಂತು. ಎಂದಿನಂತೆ ಕಪ್ಪು ಹುಡುಗರು ಹೆಜ್ಜೆ ಕಟ್ಟುತ್ತಾರೆ, ಮಿಕ್ಕವರು ನಕಲು ಮಾಡಿ ಲೈಕು ಬಾಚುತ್ತಾರೆ ಎಂದುಕೊಂಡಿದ್ದರು. ಈ ಸಲ ಅವರು ಕಟ್ಟಲೇ ಇಲ್ಲ. ಮುಷ್ಕರ ಹೂಡಿದರು. ಹೆಜ್ಜೆ ಗೊತ್ತಿಲ್ಲದೆ ಜನ ಸುಮ್ಮನೆ ಕೈ ಬೀಸುತ್ತಾ ನಿಂತ ವಿಡಿಯೋಗಳೇ ಆ ಮುಷ್ಕರಕ್ಕೆ ಸಾಕ್ಷಿ ಆದವು. ನಮ್ಮಲ್ಲಿ ಬಸ್ ಮುಷ್ಕರ ಗೊತ್ತು, ಲಾರಿ ಮುಷ್ಕರ ಗೊತ್ತು. ಕುಣಿಯದೆ ಮಾಡುವ ಮುಷ್ಕರ ಅಂದರೆ! ಗಾಯಕಿ ಬಿಯಾನ್ಸೆಯ ಡ್ಯಾನ್ಸ್‌ಗಳನ್ನು ಕಟ್ಟಿದ ಜಕೆಲ್ ನೈಟ್ ಇನ್ನೊಂದು ದಾರಿ ಹಿಡಿದರು. ತಮ್ಮ ಹೆಜ್ಜೆಗಳಿಗೆ ಕಾಪಿರೈಟ್ ಮಾಡಿಸಿಕೊಂಡು, ಟಿಕ್‌ಟಾಕಿನ ಹುಡುಗ ಹುಡುಗಿಯರಿಗೂ ಮಾಡಿಸಿಕೊಟ್ಟರು.

ಆ ಜುಲೈನಲ್ಲೇ ಇನ್ನೊಂದು ಪ್ರಸಂಗ. ಜಾಹೀರಾತು ಕೊಡುವವರ ಕಣ್ಣಿಗೆ ಬೀಳಲೆಂದು ಟಿಕ್‌ಟಾಕಿನಲ್ಲಿ ಒಂದು ಜಾಗವಿದೆ. ಅಲ್ಲಿ ತನ್ನ ಪರಿಚಯ ಬರೆಯಲು ಹೋದ ಜಿಗ್ಗಿ ಟೈಲರ್ ಎಂಬ ಕಪ್ಪು ಯುವಕನಿಗೆ 'ಬ್ಲ್ಯಾಕ್' ಎಂಬ ಪದ ಸೇರಿದ ಎಷ್ಟೋ ಸಾಲುಗಳನ್ನು ಆ್ಯಪ್ ತಿರಸ್ಕರಿಸಿತು. ಬಿಳಿಯರ ಮೇಲುಗೈ ಬೆಂಬಲಿಸುತ್ತೇನೆ ಎಂದು ಪರೀಕ್ಷೆಗೆ ಬರೆದು ನೋಡಿದರೆ ಸಲೀಸಾಗಿ ಒಪ್ಪಿಕೊಂಡಿತು! ಆತ ಅದನ್ನೇ ವಿಡಿಯೋ ಮಾಡಿ ಹಾಕಿದ. ತಪ್ಪಾಯಿತು ಎಂದ ಕಂಪನಿ ಕೊಟ್ಟ ಕಾರಣ ಕೇಳಿ. 'ಆಡಿಯೆನ್ಸ್' ಎಂಬ ಇಂಗ್ಲಿಷ್ ಪದದ ನಡುವೆ ಸಾಯಿ ಎಂಬ ಅರ್ಥದ 'ಡೈ' (die) ಎನ್ನುವ ಅಕ್ಷರಗಳಿವೆಯಂತೆ. 'ಬ್ಲ್ಯಾಕ್' ಜೊತೆ ಅದು ಬಂದಾಗ ಮಷೀನು ದ್ವೇಷದ ಮಾತು ಎಂದುಕೊಂಡಿತಂತೆ. ನಾನೂ ಸಾಫ್ಟ್‌ವೇರ್ ಕಂಪನಿಯಲ್ಲೇ ದುಡಿಯುವವಳು. ಇಂಥ ತಪ್ಪು ಹೇಗೆ ಆಗುತ್ತದೆ ಎಂದು ನನಗೆ ಗೊತ್ತು. ಪರೀಕ್ಷೆ ಮಾಡುವ ಕೋಣೆಯಲ್ಲಿ ತನ್ನನ್ನು ತಾನು ಬ್ಲ್ಯಾಕ್ ಎಂದು ಬರೆದುಕೊಳ್ಳುವ ಒಬ್ಬರು ಇದ್ದಿದ್ದರೂ ಅದು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಇಷ್ಟು ಹೇಳಿ ಟ್ಯಾಬಿತಾ ಬ್ರೌನ್ ಬಗ್ಗೆ ಹೇಳದಿದ್ದರೆ ಆಗದು. ನಾರ್ತ್ ಕ್ಯಾರೊಲಿನಾದ ಈಡನ್ ಎಂಬ ಊರಲ್ಲಿ ಹುಟ್ಟಿದವರು. ನಟಿಯಾಗಬೇಕೆಂದು ಲಾಸ್ ಏಂಜಲೀಸ್‌ಗೆ ಬಂದು ವರ್ಷಗಟ್ಟಲೆ ಅಲೆದವರು. ದಕ್ಷಿಣದ ಎಳೆದೆಳೆದು ಮಾತಾಡುವ ಧಾಟಿ ಬಿಡಬೇಕು, ಕೂದಲು ನೇರ ಮಾಡಿಸಬೇಕು ಎಂದುಕೊಂಡು ತಮ್ಮನ್ನೇ ಮುಚ್ಚಿಟ್ಟುಕೊಂಡು ಓಡಾಡಿದವರು. ಆಮೇಲೆ ಕಾಯಿಲೆ ಬಿದ್ದರು, ಬಹಳ ದಿನ ನರಳಿದರು, ಸಸ್ಯಾಹಾರಕ್ಕೆ ತಿರುಗಿದರು. ಜೀವನಕ್ಕೆ ಊಬರ್ ಓಡಿಸುತ್ತಿದ್ದಾಗ, 2017ರ ಡಿಸೆಂಬರಿನಲ್ಲಿ ಕಾರಿನಲ್ಲಿ ಕೂತು ಒಂದು ಸ್ಯಾಂಡ್‌ವಿಚ್ ತಿನ್ನುತ್ತಾ ಅದು ಎಷ್ಟು ಚೆನ್ನಾಗಿದೆ ಎಂದು ಫೋನಿಗೆ ಹೇಳಿದರು. ಅಷ್ಟೇ. ಅದನ್ನು ಲಕ್ಷಗಟ್ಟಲೆ ಜನ ನೋಡಿದರು. ಆ ಸ್ಯಾಂಡ್‌ವಿಚ್ ಮಾರುವ ಹೋಲ್ ಫುಡ್ಸ್ ಅಂಗಡಿಯವರೇ ಕರೆದು ಕೆಲಸ ಕೊಟ್ಟರು. 2020ರಲ್ಲಿ ಟಿಕ್‌ಟಾಕಿಗೆ ಬಂದು ಕ್ಯಾರೆಟ್ಟನ್ನು ತೆಳ್ಳಗೆ ಹಾಳೆಯಂತೆ ಹೆರೆದು, ಮಸಾಲೆ ಸವರಿ, ಗರಿಗರಿ ಮಾಡಿ ಅದನ್ನೇ ಬೇಕನ್ (ಹಂದಿಮಾಂಸದ ತೆಳು ಹೋಳು) ಎಂದರು. ಬೆಳ್ಳುಳ್ಳಿ ಎಷ್ಟು ಹಾಕಬೇಕು? ಅದು ನಿಮಗೆ ಬಿಟ್ಟಿದ್ದು, ಎನ್ನುತ್ತಾರೆ. ಅಳತೆ ಚಮಚ ಇಲ್ಲ. ನಮ್ಮ ಅಡುಗೆಮನೆಯಲ್ಲಿ ಅಮ್ಮಂದಿರು "ಒಂದು ಅಂದಾಜಿಗೆ ಹಾಕು" ಎನ್ನುತ್ತಾರಲ್ಲ, ಹಾಗೆ.

ಅವರು ಗೆದ್ದಿದ್ದು ಮುಚ್ಚಿಟ್ಟಿದ್ದ ಅದೇ ಧಾಟಿಯಿಂದ, ಅದೇ ಗುಂಗುರು ಕೂದಲಿನಿಂದ. ಆ ಕೂದಲಿಗೆ ಡೋನಾ ಎಂದು ಹೆಸರಿಟ್ಟಿದ್ದಾರೆ. ಈಗ ಅದೇ ಹೆಸರಿನಲ್ಲಿ ಕೂದಲಿಗೆ ಹಚ್ಚುವ ಸಾಮಾನುಗಳನ್ನೂ ಮಾರುತ್ತಾರೆ. ಗುಂಗುರು ಕೂದಲಿಗೆ ಹೆಸರಿಡುವುದು ನಮಗೆ ಬರೀ ತಮಾಷೆಯಾಗಿ ಕಾಣಬಹುದು. ಅಮೆರಿಕದಲ್ಲಿ ಹುಟ್ಟಿನಿಂದ ಬಂದ ಕೂದಲಿನ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ ಹೊರಗೆ ಕಳಿಸುವ ಹಾಗಿಲ್ಲ ಎಂದು ಕಾನೂನು ಬರಲು 2019ರವರೆಗೆ ಕಾಯಬೇಕಾಯಿತು, ಅದೂ ಮೊದಲು ಕ್ಯಾಲಿಫೋರ್ನಿಯಾ ಒಂದರಲ್ಲೇ. ಬೆಂಗಳೂರಿಗೆ ಬಂದ ಹೊಸತರಲ್ಲಿ ನನ್ನ ಮಾತಿನಲ್ಲಿ ತೆಲುಗಿನ ವಾಸನೆ ಇದೆ ಎಂದು ನಕ್ಕವರಿದ್ದರು. ಕೆಲವು ವರ್ಷ ನಾನು "ಐತೆ" ಎನ್ನುವುದನ್ನೇ ಬಿಟ್ಟಿದ್ದೆ. ಟ್ಯಾಬಿತಾ ಪಟ್ಟ ಪಾಡಿನ ಮುಂದೆ ಅದೇನೂ ದೊಡ್ಡದಲ್ಲ. ಆದರೂ ಅವರ ಎಳೆದ ಮಾತು ಕೇಳಿದಾಗ ಅದು ನೆನಪಾಗುತ್ತದೆ.

ಕೀತ್ ಲೀ ಎಂಬ ಇನ್ನೊಬ್ಬ ಇದ್ದಾನೆ. ಎಂಎಂಎ ಎಂಬ, ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾದಾಟದ ಪಟುವಾಗಿದ್ದವನು. ಕ್ಯಾಮೆರಾ ಮುಂದೆ ಮಾತಾಡುವ ಅಂಜಿಕೆ ಹೋಗಲಿ ಎಂದು ವಿಡಿಯೋ ಶುರು ಮಾಡಿದವನು. ಗಿರಾಕಿಗಳಿಲ್ಲದೆ ಒದ್ದಾಡುತ್ತಿರುವ ಸಣ್ಣ ಹೋಟೆಲ್‌ಗಳಿಂದ ಊಟ ತರಿಸಿ, ಕಾರಿನಲ್ಲೋ ಮನೆಯಲ್ಲೋ ಕೂತು ತಿಂದು, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾನೆ. 2023ರ ಜನವರಿಯಲ್ಲಿ ಲಾಸ್ ವೇಗಸ್‌ನ ಒಂದು ಪಿಜ್ಜಾ ಅಂಗಡಿ ಬಗ್ಗೆ ಹೇಳಿದ್ದೇ ತಡ, ಮರುದಿನ ಆ ಖಾಲಿ ಅಂಗಡಿಯ ಮುಂದೆ ಸಾಲು. ಆತನ ಒಂದು ಉಪಾಯ ನನಗೆ ಬಹಳ ಇಷ್ಟ. ತಾನು ಒಳಗೆ ಹೋಗದೆ ಮನೆಯವರನ್ನು ಕಳಿಸುತ್ತಾನೆ. ಅಟ್ಲಾಂಟಾದ ಒಂದು ಹೆಸರಾಂತ ಹೋಟೆಲಿನಲ್ಲಿ ಮನೆಯವರಿಗೆ ಒಂದು ಗಂಟೆಗೂ ಹೆಚ್ಚು ಕಾಯಿರಿ ಎಂದರು. ಆತ ಮುಖ ತೋರಿಸಿದ ಕೂಡಲೇ ಟೇಬಲ್ ಸಿಕ್ಕಿತು. ಆತ ಕೂರಲಿಲ್ಲ, ಹಾಗೇ ಹೊರಗೆ ಬಂದ. ಮಡಿಲಿನ ಸೊಪ್ಪು ಸುರಿದು ಹೋದ ಹೆಂಗಸು, "ಬಾರಮ್ಮ" ಎಂದು ಕರೆಸಿಕೊಂಡ ಸೊಸೆ ಇಬ್ಬರೂ ನನಗೆ ಆ ವಿಡಿಯೋದಲ್ಲಿ ಕಂಡರು.

ಖಾಬಿ ಲಾಮೆ ಗೊತ್ತಲ್ಲ? ಮಾತೇ ಆಡದೆ, ಎರಡೂ ಕೈ ಚಾಚಿ "ಇಷ್ಟೇ ತಾನೇ" ಎನ್ನುವ ಹುಡುಗ. ನಮ್ಮ ಪಕ್ಕದ ಮನೆಯ ಎರಡನೇ ಕ್ಲಾಸಿನ ಮಗುವಿಗೂ ಗೊತ್ತು. ಸೆನೆಗಲ್‌ನ ಡಕಾರ್‌ನಲ್ಲಿ ಹುಟ್ಟಿ, ಒಂದು ವರ್ಷದ ಕೂಸಾಗಿದ್ದಾಗಲೇ ಇಟಲಿಗೆ ಬಂದವನು. ಫ್ಯಾಕ್ಟರಿಯಲ್ಲಿ ಮಷೀನ್ ನೋಡಿಕೊಳ್ಳುತ್ತಿದ್ದ, 2020ರ ಮಾರ್ಚ್‌ನಲ್ಲಿ ಕೆಲಸ ಹೋಯಿತು, ಮನೆಯಲ್ಲಿ ಕೂತು ವಿಡಿಯೋ ಮಾಡಿದ. 2022ರ ಜೂನ್‌ನಲ್ಲಿ ಟಿಕ್‌ಟಾಕಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಫಾಲೋವರ್ಸ್ ಇರುವವನಾದ. ಯಾರನ್ನು ಹಿಂದೆ ಹಾಕಿ ಗೊತ್ತಾ? ರೆನೆಗೇಡ್‌ನ ಅದೇ ಚಾರ್ಲಿಯನ್ನು. ಆಗಲೂ ಅವನು ಇಟಲಿಯ ಪ್ರಜೆ ಆಗಿರಲಿಲ್ಲ! ಪೌರತ್ವ ಕೈಗೆ ಬಂದಿದ್ದು ಆಗಸ್ಟ್‌ನಲ್ಲಿ, 22ನೇ ವಯಸ್ಸಿನಲ್ಲಿ. 2025ರ ಜೂನ್‌ನಲ್ಲಿ ವೀಸಾದ ಅವಧಿ ಮೀರಿದೆ ಎಂದು ಲಾಸ್ ವೇಗಸ್ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಅಧಿಕಾರಿಗಳು ತಡೆದರು. ಅವನು ದೇಶ ಬಿಟ್ಟು ಹೊರಟ. ಅಷ್ಟು ಕೋಟಿ ಫಾಲೋವರ್ಸ್ ಇದ್ದರೂ "ಯಾರನ್ನ ಕೇಳಿ" ಎನ್ನುವ ಪ್ರಶ್ನೆ ಅವನನ್ನು ಬಿಡಲಿಲ್ಲ.

ನಮ್ಮಲ್ಲೂ ಈ ಪ್ರಶ್ನೆ ಹೊಸದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ಸಿದ್ದಿಗಳಿದ್ದಾರೆ. ಆಫ್ರಿಕಾ ಮೂಲದವರು, ಹಲವು ತಲೆಮಾರಿನಿಂದ ಇಲ್ಲೇ ಇರುವವರು. ಕನ್ನಡ, ಕೊಂಕಣಿ ಆಡುವವರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣವಾದಾಗ ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರಾದರು. ಅದೇ ಸಿದ್ದಿ ಹುಡುಗ ಬೆಂಗಳೂರಿನ ಬಸ್ಸಿನಲ್ಲಿ ಕೂತರೆ ಪಕ್ಕದವರು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಾರೆ. ಅವನು ಕನ್ನಡದಲ್ಲಿ ಉತ್ತರಿಸಿದರೆ ಬೆಪ್ಪಾಗುತ್ತಾರೆ. ಇದು ಬೆಪ್ಪಾಗುವಷ್ಟರಲ್ಲಿ ಮುಗಿದರೆ ಪುಣ್ಯ. 2016ರಲ್ಲಿ ಹೆಸರಘಟ್ಟದ ಬಳಿ ತಾನ್ಜೇನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿತು. ಯಾರೋ ಬೇರೊಬ್ಬ ಮಾಡಿದ ಅಪಘಾತಕ್ಕೆ, ಅವಳ ಬಣ್ಣ ನೋಡಿ. ಅಮೆರಿಕದ ಕತೆ ಹೇಳಿ ತಲೆಯಾಡಿಸುವಾಗ ನನಗೆ ಇದು ನೆನಪಿರಬೇಕು.

ಮೊನ್ನೆ ರಾತ್ರಿ ಅಮ್ಮ ಮತ್ತೆ ಸೊಪ್ಪಿನ ಹುಡುಗಿಯನ್ನು ನೋಡುತ್ತಿದ್ದಳು. ಅಲೆಕ್ಸಿಸ್‌ಗೆ ಐದು ವರ್ಷ ಇದ್ದಾಗ ಅಂಗಳದಲ್ಲಿ ಈರುಳ್ಳಿ ವಾಸನೆಯ ಹುಲ್ಲನ್ನು ಮೊದಲು ತೋರಿಸಿದ್ದು ಅವಳ ತಾಯಿಯಂತೆ, ಎಂದೆ.

"ನಿನಗೆ ಯಾರಮ್ಮಾ ತೋರಿಸಿದ್ದು? ಅಜ್ಜಿನಾ?"

"ಅಜ್ಜಿಗೆಲ್ಲಿ ಬರ್ತಿತ್ತು? ತಂದಿದ್ದನ್ನ ಮಸೆಯೋದು ಅಷ್ಟೇ ಅವಳಿಗೆ ಗೊತ್ತು." ಅಮ್ಮ ಫೋನು ಕೆಳಗಿಟ್ಟಳು. "ಕಳೆ ಕೀಳೋಕೆ ಬರ್ತಿದ್ದಳಲ್ಲ, ಒಬ್ಬಳು. ಎತ್ತರಕ್ಕಿದ್ದಳು. ನಾನು ಹೊಸ ಸೊಸೆ, ಏನೂ ಗೊತ್ತಿಲ್ಲ. ಇದು ಅಣ್ಣೆ, ಇದು ಅಣ್ಣೆ ಥರಾನೇ ಇರುತ್ತೆ ಆದ್ರೆ ಮುಟ್ಟಬೇಡಿ ಅಂತ ಒಂದೊಂದೇ ಕೈಗೆ ಕೊಟ್ಟು ಹೇಳ್ಕೊಟ್ಟಳು. ಎಲೆ ಹಿಂದೆ ತಿರುಗಿಸಿ ನೋಡು ಅಂತಿದ್ದಳು."

"ಹೆಸರೇನು ಅವರದ್ದು?"

ಅಮ್ಮ ಯೋಚಿಸಿದಳು. ನೆನಪಾಗಲಿಲ್ಲ. ಮನೆಯಲ್ಲಿ ಎಲ್ಲರೂ ಕಳೆಯೋಳು ಅಂತಲೇ ಕರೆಯುತ್ತಿದ್ದರಂತೆ. ಅವತ್ತು ಅಮ್ಮ ಎಂದಿಗಿಂತ ಬೇಗ ಮಲಗಿದಳು.

ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೆನಪಾಯ್ತು ಕಣೇ" ಎಂದಳು. ಹೆಸರು ಹೇಳಿದಳು. ಆಮೇಲೆ ಇನ್ನೊಂದು ಸಲ, ನಿಧಾನವಾಗಿ, ತಾನೇ ಕೇಳಿಸಿಕೊಳ್ಳುವವಳ ಹಾಗೆ ಹೇಳಿದಳು.

ಆ ಹೆಸರನ್ನು ಇಲ್ಲಿ ಟೈಪ್ ಮಾಡಿದ್ದೆ. ಆಮೇಲೆ ಅಳಿಸಿದೆ. ಅವರ ಮಗ ಊರಲ್ಲೇ ಇದ್ದಾರಂತೆ. ಹಬ್ಬಕ್ಕೆ ಹೋದಾಗ ಅವರ ಮನೆಗೆ ಹೋಗಿ, ಬರೆಯಲಾ ಎಂದು ಕೇಳಬೇಕು.